ವಾಚಿಗೆ ಬಿಂದಿ ಇಟ್ಟ ಮಧ್ಯಾಹ್ನ

ಮದುವೆಯಾದ ವರ್ಷ ಮಾವಿನ ಕಾಲಕ್ಕೆ ಅಳಿಯನನ್ನು ಕರೆಸಿ, ತೋಟದ ಹಣ್ಣು ಸಾಕೆನ್ನುವಷ್ಟು ತಿನ್ನಿಸುವುದು ಶ್ರೀನಿವಾಸಪುರದ ನಮ್ಮ ಮನೆಯ ರೂಢಿ. ಅಪ್ಪ ಕರೆದರು, ಆದರೆ ನನ್ನ ಫೋನಿಗೆ. "ಅವರಿಗೂ ಬರೋಕೆ ಹೇಳಮ್ಮ" ಅಂದರು. ಅವರು ಅನ್ನಿಸಿಕೊಂಡ ನನ್ನ ಗಂಡ ಪಕ್ಕದಲ್ಲೇ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದ.

ಅವನು ಕ್ಯಾಲನೂರಿನ ಹಸು ಕಟ್ಟುವವರ ಮನೆಯ ಹುಡುಗ. ಕೋಲಾರದ ಕಾಲೇಜಿನಲ್ಲಿ ನಾನೇ ಆರಿಸಿಕೊಂಡವನು. ಅಪ್ಪ ಮದುವೆಗೆ ಒಪ್ಪಿದರು, ಮುಂದೆ ನಿಂತು ಮಾಡಿಸಿದರು, ತಾವೇ ಅಂಗಡಿ ಅಂಗಡಿ ಅಲೆದು ತಂದ ವಾಚನ್ನು ಮಂಟಪದಲ್ಲಿ ಅವನ ಕೈಗೆ ಕಟ್ಟಿದರು. ಮಾತು ಮಾತ್ರ ಆಡಲಿಲ್ಲ. ಏನಿದ್ದರೂ ನನ್ನ ಮೂಲಕವೇ ಆಗಬೇಕು. "ಅವರು ಕಾಫಿ ಕುಡೀತಾರಾ ಕೇಳು." "ಅವರಿಗೆ ಫ್ಯಾನ್ ಬೇಕಾ ಕೇಳು." ಇಬ್ಬರ ನಡುವೆ ಓಡಾಡಿ ನನಗೆ ಸಾಕುಸಾಕಾಗಿತ್ತು. ಒಂದೇ ಒಂದು ಸಲ ಅಪ್ಪ ಅವನ ಮುಖ ನೋಡಿ ಮಾತಾಡಿದರೆ ಸಾಕಿತ್ತು, ಆಮೇಲೆ ನನಗೆ ಇನ್ನೇನೂ ಬೇಡ ಅನ್ನಿಸುತ್ತಿತ್ತು.

ನಾವು ಹೋದ ಮಾರನೆಯ ದಿನ ಶುಕ್ರವಾರ. ಅಪ್ಪ ಬೆಳಿಗ್ಗೆಯೇ ಮಾವಿನ ಮಂಡಿಗೆ ಹೋದರು. ನನ್ನ ಗಂಡ ಉತ್ಸಾಹ ತಡೆಯಲಾರದೆ ಮರಕ್ಕೆ ಕೈಹಾಕಿದ. ಕಾಯಿಯನ್ನು ತೊಟ್ಟಿನ ಸಮೇತ ಕಿತ್ತು, ಬೋರಲು ಹಿಡಿದು ತೊಟ್ಟು ಮುರಿದು, ಸೊನೆ ಸುರಿಸಬೇಕು ಅನ್ನುವುದು ನಮ್ಮೂರಿನಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಹಾಲು ಕರೆಯುವವನಿಗೆ ಹೇಗೆ ಗೊತ್ತಿರಬೇಕು? ಮುಖದ ಹತ್ತಿರ ಹಿಡಿದು ಲಟಕ್ಕನೆ ಮುರಿದ. ಸೊನೆ ಮುಂಗೈ ಮೇಲೆ ಹರಿದು ವಾಚಿನ ಚರ್ಮದ ಬೆಲ್ಟನ್ನು ಕಪ್ಪು ಮಾಡಿತು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಅತಿ ಬುದ್ಧಿವಂತ, ಸ್ಕೂಟರಿನ ಪೆಟ್ರೋಲು ಹಾಕಿ ಉಜ್ಜಿದ. ಬೆಲ್ಟು ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತು.

ಅಪ್ಪ ಊಟಕ್ಕೆ ಬರುವುದರೊಳಗೆ ಹೊಸ ಬೆಲ್ಟು ಬೀಳಲೇಬೇಕಿತ್ತು. ಮೊದಲೇ ಮಾತಿಲ್ಲ, ಇದನ್ನು ನೋಡಿದರೆ ಮುಗಿದೇ ಹೋಯಿತು ಅಂದುಕೊಂಡು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ವಾಚ್ ಅಂಗಡಿಗೆ ಓಡಿದೆವು. ಅಂಗಡಿಯ ಸಾಹೇಬರು ನಮಾಜಿಗೆ ಹೊರಟು ಅರ್ಧ ಷಟರ್ ಎಳೆದಿದ್ದರು. ಅದೇ ಬಣ್ಣದ ಬೆಲ್ಟೊಂದನ್ನು ಕೈಗಿಟ್ಟು, ಟೋಪಿ ಸರಿಮಾಡಿಕೊಳ್ಳುತ್ತಲೇ ಹೇಳಿದರು: "ಟೈಮಿಲ್ಲಮ್ಮ, ನೀವೇ ಹಾಕ್ಕೊಳ್ಳಿ. ಕೇಸ್ ಮೇಲೆ, ಈ ಸ್ಟೀಲ್ ಅಂಚಿಗೆ, ಏನಾದ್ರೂ ಅಂಟ್ಸಿ. ಒಳಗಿರೋ ಸ್ಪ್ರಿಂಗ್ ಕಡ್ಡೀನ ಬೆಲ್ಟಿನ ಕಡೆಗೆ ಒತ್ಬೇಕು. ಕೇಸ್ ಕಡೆಗೆ ಒತ್ತಿದ್ರೋ, ಗೀರು ಗ್ಯಾರಂಟಿ!"

ಮನೆಯಲ್ಲಿ ಹಣ್ಣಿಗಿಟ್ಟ ಕೋಣೆಗೆ ಸೇರಿ ಬಾಗಿಲು ಮುಂದೆ ಮಾಡಿಕೊಂಡೆವು. ನೆಲದ ತುಂಬ ಹುಲ್ಲು, ಹುಲ್ಲಿನೊಳಗೆ ಮಾವು, ತಲೆ ತಿರುಗಿಸುವ ವಾಸನೆ. ಕೇಸಿಗೆ ಅಂಟಿಸಲು ಟೇಪು ಹುಡುಕಿದರೆ ಸಿಗಲಿಲ್ಲ. ನನ್ನ ಬಿಂದಿ ಪ್ಯಾಕೆಟ್ಟು ತಂದು ಕೇಸಿನ ನಾಲ್ಕು ಮೂಲೆಗೂ ಕೆಂಪು ಬಿಂದಿ ಅಂಟಿಸಿದೆ.

"ಲೇ, ಮದುಮಗಳು ಕಣೇ ಇದು!" ಅಂದ ಅವನು. ಶುರುವಾಯಿತು ನೋಡಿ ನಗು. ಹೊಟ್ಟೆ ಹಿಡಿದುಕೊಂಡೇ ದುಪಟ್ಟಾದ ಪಿನ್ನಿನಿಂದ ಒಂದು ಕಡೆಯ ಕಡ್ಡಿಯನ್ನು ಬೆಲ್ಟಿನ ಕಡೆಗೆ ಮೆಲ್ಲಗೆ ಒತ್ತಿದೆ. ಬೆಣ್ಣೆಯ ಹಾಗೆ ಕಳಚಿ ಬಂತು. ಜಂಬ ಬಂದು ಇನ್ನೊಂದು ಕಡೆ ಒತ್ತಿದೆ. ಟಿಣ್ ಅಂತ ಹಾರಿದ ಕಡ್ಡಿ ಹುಲ್ಲಿನೊಳಗೆ ಮಾಯವಾಯಿತು.

ಅಳಬೇಕಿತ್ತು, ಇನ್ನೂ ಜೋರಾಗಿ ನಗು ಬಂತು. ಇಬ್ಬರೂ ಮಂಡಿಯೂರಿ ಹುಲ್ಲು ಕೆದಕುತ್ತಿದ್ದಾಗ ಬಾಗಿಲು ತೆರೆಯಿತು. ಅಪ್ಪ! ಬಿಂದಿ ಇಟ್ಟ ವಾಚನ್ನು ನೋಡಿದರು, ಸುರುಟಿದ ಬೆಲ್ಟನ್ನು ನೋಡಿದರು.

"ಏನಮ್ಮಾ, ವಾಚಿಗೆ ಸೀಮಂತನಾ?" ಅಂದರು ನನಗೆ. ಆಮೇಲೆ, "ಅವರು ಏನು ಹುಡುಕ್ತಾವ್ರೆ ಕೇಳು."

ಕೇಳುವುದೇನಿದೆ, ಸೊನೆಯಿಂದ ಹಿಡಿದು ಕಡ್ಡಿಯವರೆಗೆ ಎಲ್ಲ ಒಂದೇ ಉಸಿರಿಗೆ ಒದರಿದೆ. ಅಪ್ಪ ಪಂಚೆ ಎತ್ತಿ ಕಟ್ಟಿ ನಮ್ಮ ಜೊತೆ ಹುಲ್ಲಿಗಿಳಿದರು. ಅವರಿಗೆ ಜಾಗ ಬಿಡಲೆಂದು ನನ್ನ ಗಂಡ ಗಡಬಡಿಸಿ ಎದ್ದು ಒಂದು ಕಾಲೆತ್ತಿದ.

"ಒರೇಯ್! ಕಾಲಿಡ್ಬೇಡ್ವೋ! ನಿನ್ ಹೆಬ್ಬೆಟ್ಟಿನ ಹತ್ರಾನೇ ಬಿದ್ದೈತೆ! ಕಣ್ಣೇನ್ ಮರದ್ ಮೇಲೇ ಬಿಟ್ ಬಂದ್ಯಾ?" ಅಪ್ಪ ಅವನಿಗೇ ಗದರಿದರು.

ಅವನು ಒಂಟಿಕಾಲಿನಲ್ಲೇ ನಿಂತುಬಿಟ್ಟ. ಅಪ್ಪ ಕಡ್ಡಿ ಹೆಕ್ಕಿ, ಬಿಂದಿಗಳನ್ನು ಒಂದೊಂದಾಗಿ ಕಿತ್ತು, ವಾಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. "ತಗೋ, ನನ್ ಬೆರಳು ದಪ್ಪ, ನೀನೇ ಹಾಕು" ಅಂತ ಅವನ ಕೈಗೇ ಕೊಟ್ಟರು. ಅವನು ಹಾಕುತ್ತಿದ್ದಷ್ಟು ಹೊತ್ತೂ ಎದುರಿಗೆ ಕೂತು ತೊಟ್ಟು ಮುರಿಯುವುದು ಹೇಗೆ, ಸೊನೆ ಸುರಿಸುವುದು ಹೇಗೆ ಅಂತ ಬೈದರು. ಊಟದಲ್ಲೂ ಬೈದರು. ಮುದ್ದೆ ಮುರಿಯುತ್ತಾ ಪೆಟ್ರೋಲಿನ ವಿಷಯ ನೆನಪಾಗಿ ಮತ್ತೆ ಮೊದಲಿಂದ ಬೈದರು.

ಕೈ ತೊಳೆಯುವ ಹತ್ತಿರ ಅವನು ಪೆಚ್ಚಾಗಿ ನನ್ನ ಕಿವಿಯಲ್ಲಿ ಕೇಳಿದ: "ನಿಮ್ಮಪ್ಪಂಗೆ ತುಂಬಾ ಕೋಪ ಬಂದೈತಾ?"

"ಹೂಂ ಕಣೋ," ಅಂದೆ. "ನಿನ್ ಮೇಲೇ!" ಅನ್ನುವಷ್ಟರಲ್ಲಿ ಖುಷಿಗೆ ನನ್ನ ಕಣ್ಣು ತುಂಬಿಬಂದಿತ್ತು.