ಎರಡರ ವರ್ಗಮೂಲ ಮತ್ತು ಅವ್ವ

ಸ್ಲೇಟು ಮತ್ತೆ ತುಂಬಿತ್ತು. ಉತ್ತರದ ಸಾಲು ಉಳಿಸಿ ಮಿಕ್ಕಿದ್ದನ್ನೆಲ್ಲ ಎಂಜಲು ಹಚ್ಚಿ ಒರೆಸಿದೆ, ಇನ್ನೆರಡು ಸೊನ್ನೆ ಇಳಿಸಿಕೊಂಡೆ. ಏಳನೇ ಕ್ಲಾಸಿನ ಕೋಣೆಯಲ್ಲಿ ಉಳಿದಿದ್ದವರು ನಾನು ಮತ್ತು ಲೆಕ್ಕದ ಮೇಷ್ಟ್ರು ಮಾತ್ರ. ಅರವತ್ತರ ದಶಕದ ಕೊಳಾಲದ ನಮ್ಮ ಶಾಲೆಯಲ್ಲಿ ಸಂಜೆಯ ಲೆಕ್ಕ ಮುಗಿಸಿದವರಷ್ಟೇ ಮನೆಗೆ ಹೋಗಬೇಕು. ಬೇರೆಯವರಿಗೆಲ್ಲ ೧೪೪, ೬೨೫ರ ವರ್ಗಮೂಲ ಕೊಟ್ಟಿದ್ದ ಮೇಷ್ಟ್ರು ನನಗೆ ಬರೀ ಎರಡರದ್ದು ಕೊಟ್ಟಿದ್ದರು. ಸುಲಭದ್ದು ಸಿಕ್ಕಿತೆಂದು ಹಿಗ್ಗಿದ್ದೆ.

ಹೊಲದಿಂದ ನೇರ ಬಂದ ಅವ್ವ ಹುಲ್ಲಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿದಳು. "ಯಾಕ್ ಸ್ವಾಮಿ, ನನ್ ಮಗ್ಳಿಗೆ ಲೆಕ್ಕ ಬರಾಕಿಲ್ವಾ?"

ಮೇಷ್ಟ್ರು ನಕ್ಕರು. "ಬರುತ್ತೆ ಕಣಮ್ಮ. ಆ ಲೆಕ್ಕವೇ ಮುಗಿಯಲ್ಲ, ಅಂಕಿ ಬರ್ತಾನೇ ಇರುತ್ತೆ. ಅದು ಅವಳಿಗೇ ತಿಳೀಲಿ ಅಂತ ಬಿಟ್ಟಿದ್ದೆ."

ಅವ್ವ ನಗಲಿಲ್ಲ. "ಮುಗೀದಿರೋ ಕೆಲ್ಸ ಮನೇಲೇ ಬೇಕಾದಂಗೈತೆ. ಇಲ್ಲೂ ಇಂಗೇ ಆದ್ರೆ ನಾಳೆಯಿಂದ ಸ್ಕೂಲು ಬುಡುಸ್ಬುಡ್ತೀನಿ."

ಮೇಷ್ಟ್ರು ಎದ್ದು ಬಂದು ನನ್ನ ಸ್ಲೇಟು ಇಸಿದುಕೊಂಡರು. ೧.೪೧೪ರ ಮುಂದೆ ಒಂದು ಗೀಟು ಎಳೆದು, "ಇಷ್ಟು ಸಾಕು, ನಡಿ ಮನೆಗೆ" ಎಂದರು. ಆಮೇಲೆ ತಾವೇ ಬಗ್ಗಿ ಹೊರೆಗೆ ಕೈಕೊಟ್ಟು ಅವ್ವನ ತಲೆಗೆ ಎತ್ತಿದರು. "ಬೆಳಿಗ್ಗೆ ಕಳುಸ್ತೀನಿ ಬುಡಿ" ಎಂದಳು ಅವ್ವ.

ಮುಂದೆ ನಾನೂ ಮಧುಗಿರಿಯಲ್ಲಿ ಲೆಕ್ಕದ ಟೀಚರಾದೆ. ಎರಡರ ವರ್ಗಮೂಲ ಬಂದಾಗಲೆಲ್ಲ ಅದೇ ಜಾಗದಲ್ಲಿ ಗೀಟು ಎಳೆದು, ಮುಗಿದಿಲ್ಲ, ಆದರೂ ಮನೆಗೆ ಹೋಗಬಹುದು ಎಂದು ಮಕ್ಕಳಿಗೆ ಹೇಳುತ್ತಿದ್ದೆ. "ಇಷ್ಟು ಸಾಕು" ಎಂದು ಅವ್ವನಿಗೆ ಮಾತ್ರ ಯಾರೂ ಹೇಳಲಿಲ್ಲ.