ದೊರೆಸಾನಿಯ ಶ್ರುತಿ

ಪಂಚೇಂದ್ರಿಯಗಳಲ್ಲಿ ಕಿವಿಯೇ ಶ್ರೇಷ್ಠ. ಜ್ಞಾನ ಒಳಗೆ ಬರುವ ಹೆಬ್ಬಾಗಿಲು ಅದೇ. ಇದನ್ನು ಬಹಳ ವರ್ಷ ನಂಬಿಕೊಂಡು ಬಂದವನು ನಾನು. ಕಳೆದ ವಾರ ಚಳಿಜ್ವರಕ್ಕೆಂದು ಕ್ವಿನೈನ್ ನುಂಗಿ ಮಲಗಿದ್ದಾಗ ಸೊಸೆ ಮೂರು ಸಲ ಊಟಕ್ಕೆ ಕರೆದಳಂತೆ, ಒಂದೂ ಕೇಳಿಸಲಿಲ್ಲ. ಸಾರಿನ ಒಗ್ಗರಣೆ ಮೂಗಿಗೆ ಬಡಿದು ತಾನಾಗಿ ಎದ್ದು ಹೋದೆ. ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಗುಳಿಗೆಯ ಕಹಿ ನಾಲಿಗೆಯ ಮೇಲಿರುವಾಗಲೇ ಭದ್ರಾವತಿಯ ದೊರೆಸಾನಿ ನೆನಪಾದರು...

ಯುದ್ಧಕ್ಕೆ ಮೊದಲಿನ ಮಾತು. ಅವರ ಗಂಡ ಕಬ್ಬಿಣದ ಕಾರ್ಖಾನೆಗೆ ಬಂದಿದ್ದ ಯುರೋಪಿನ ಇಂಜಿನಿಯರ್. ಈಕೆ ಆಪೆರಾ ಹಾಡುವವರು, ಎಂದರೆ ಇಡೀ ನಾಟಕವನ್ನು ಹಾಡಿಯೇ ಮುಗಿಸುವವರು; ಅದರಲ್ಲೂ ಹೆಣ್ಣಿನ ಅತಿ ಎತ್ತರದ ಕಂಠ, ಸೊಪ್ರಾನೊ. ನಾಲ್ಕೈದು ದೇಶಗಳ ರಂಗಮಂದಿರಗಳಲ್ಲಿ ಹಾಡಿ ಬಂದಿದ್ದರು. ಒಂದು ವರ್ಷ ಗಂಡನ ಜೊತೆಗಿದ್ದು, ಮತ್ತೆ ಯುರೋಪಿಗೆ ಹೋಗಿ ನಾಯಕಿಯ ಪಾತ್ರ ಹಾಡುವುದೆಂದು ಕರಾರಾಗಿತ್ತು. ಅವರ ಪಿಯಾನೊವನ್ನು ಗೆದ್ದಲು ತಿಂದದ್ದರಿಂದ, ಶಿವಮೊಗ್ಗದ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಒತ್ತುತ್ತಿದ್ದ ನನಗೆ ಕರೆ ಬಂತು. ಪಾಶ್ಚಾತ್ಯ ಸಂಗೀತದ ಉದ್ಧಾರಕ್ಕೆ ಗೆದ್ದಲು ನನ್ನನ್ನು ಆರಿಸಿತು.

ವಾರಕ್ಕೆರಡು ದಿನ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆ. ನಮ್ಮಿಬ್ಬರ ನಡುವೆ ದುಭಾಷಿ, ಅವರ ಅಡುಗೆಯವನು. ಮೊದಲ ದಿನವೇ ಎಚ್ಚರಿಸಿದ: "ಗಟ್ಟಿಯಾಗಿ ಕೂತ್ಕೊಳ್ಳಿ ಸ್ವಾಮಿ. ಅಮ್ಮಾವ್ರು ಮೇಲಕ್ಕೆ ಹೋದ್ರೆ ನಮ್ಮ ಜನ್ನಾಪುರದ ನಾಯಿಗಳೆಲ್ಲ ಗಾಜನೂರು ಸೇರ್ತವೆ."

ನಾಯಿಗಳ ವಿಷಯ ನನಗೆ ತಿಳಿಯದು. ಆ ಕಂಠ ಮೇಲಿನ ಷಡ್ಜವನ್ನೂ ದಾಟಿ ಏರಿದಾಗ ನಾನು ತಿದಿ ಒತ್ತುವುದನ್ನೇ ಮರೆತೆ.

ಮಳೆಗಾಲದಲ್ಲಿ ಅವರಿಗೆ ಮಲೇರಿಯಾ ಹಿಡಿಯಿತು. ಆಗ ಭದ್ರಾವತಿಯಲ್ಲಿ ಜ್ವರ ಬರದವರನ್ನು ಊರಿನವರೆಂದೇ ಎಣಿಸುತ್ತಿರಲಿಲ್ಲ. ಡಾಕ್ಟರು ದಿನವೂ ಕ್ವಿನೈನ್ ಕೊಟ್ಟರು. ಆ ಗುಳಿಗೆಯಿಂದ ಅವರ ಕಿವಿ ಗುಂಯ್‌ಗುಡತೊಡಗಿತು.

"ಕಿವಿ ನಂಬೋ ಹಾಗಿಲ್ಲವಂತೆ," ಎಂದ ಅಡುಗೆಯವನು. "ಇನ್ಮೇಲೆ ನಿಮ್ಮ ಪೆಟ್ಟಿಗೇನೇ ಸಾಕ್ಷಿಯಂತೆ. ಸ್ವರ ಒಂದು ಕೂದಲು ತಪ್ಪಿದ್ರೂ ಹೇಳ್ಬೇಕಂತೆ. ಆವತ್ತೇ ಗುಳಿಗೆ ಬಿಟ್ಟು, ಊಟಿಗೆ ಹೋಗಿ ಗುಣ ಮಾಡ್ಕೊಂಡೇ ಹಡಗು ಹತ್ತೋದಂತೆ."

ಕೆಲಸ ಇಷ್ಟೇ. ಆದರೆ ನಾನು ಬೆಳೆದದ್ದು ನಾಟಕ ಕಂಪನಿಯಲ್ಲಿ. ಹಾಡುವವರು ಎಲ್ಲಿ ಬಿದ್ದರೂ ಅಲ್ಲಿ ಮೊದಲೇ ಹಾಸಿಗೆ ಹಾಸಿಟ್ಟಿರುವುದು ಪಕ್ಕವಾದ್ಯದವನ ಧರ್ಮ. ನಮ್ಮ ರಾಜಪಾರ್ಟಿನವರು ದಿನಕ್ಕೊಂದು ಶ್ರುತಿಯಲ್ಲಿ ರಾಜ್ಯ ಕಳೆದುಕೊಳ್ಳುತ್ತಿದ್ದರು. ನಾನೂ ಅವರ ಹಿಂದೆಯೇ ಕಾಡಿಗೆ ಹೋಗುತ್ತಿದ್ದೆ. ಸಭೆಗೆ ತಿಳಿಯುತ್ತಿರಲಿಲ್ಲ.

ನವರಾತ್ರಿ ಮುಗಿದ ವಾರ ದೊರೆಸಾನಿ ಎತ್ತರದ ಸ್ವರವೊಂದರಲ್ಲಿ ನಿಂತರು. ಕೂದಲೆಳೆಯಷ್ಟು ಕೆಳಗೆ. ಏನೋ ಅನುಮಾನ ಬಂದು ಅವರೇ ನಿಲ್ಲಿಸಿ ನನ್ನತ್ತ ನೋಡಿದರು.

"ಯಾರದ್ದು ತಪ್ಪು ಅಂತ ಕೇಳ್ತಾರೆ," ಎಂದ ಅಡುಗೆಯವನು.

"ಪೆಟ್ಟಿಗೇದು. ಮಳೆಗೆ ಉಬ್ಬಿದೆ ಅನ್ನು."

"ನಿಜಾನಾ ಸ್ವಾಮಿ?"

"ಹೇಳೋ ಮಾರಾಯ! ಹಾಡೋರ ಮುಖಕ್ಕೆ ಹೊಡೆದ ಹಾಗೆ ತಪ್ಪು ಅನ್ನಕ್ಕಾಗುತ್ತಾ?"

ಅವನು ಹೇಳಿದ. ಅವರ ಮುಖದಲ್ಲಿ ಆಗ ಮೂಡಿದ ನೆಮ್ಮದಿ...

ಮನೆಗೆ ಬಂದು, ಹಾರ್ಮೋನಿಯಂ ಬಿಚ್ಚಿ, ಸ್ವರ ನುಡಿಯುವ ಹಿತ್ತಾಳೆಯ ರೀಡುಗಳ ಬುಡವನ್ನು ಅರದಿಂದ ಉಜ್ಜಿ ಶ್ರುತಿ ಇಳಿಸಿದೆ. ಮುಂದಿನ ವಾರ ಇಬ್ಬರ ಸ್ವರವೂ ಕೂಡಿತು. ಅವರು ಇನ್ನಷ್ಟು ಇಳಿದರು. ನಾನು ಇನ್ನಷ್ಟು ಉಜ್ಜಿದೆ. ಸಂಕ್ರಾಂತಿಯ ಹೊತ್ತಿಗೆ ಮೇಲಿನ ಸಪ್ತಕವಿಡೀ ನನ್ನ ದಾಕ್ಷಿಣ್ಯಕ್ಕೆ ತಲೆಬಾಗಿತ್ತು. ಊಟಿಯ ಮಾತೇ ಏಳಲಿಲ್ಲ. ಗುಳಿಗೆಯನ್ನು ಒಂದು ದಿನವೂ ಬಿಡದೆ ನುಂಗಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಕುಲುಕಿ, ದೊರೆಸಾನಿ ಹಡಗಿಗೆ ಹೊರಟರು.

ಬೇಸಿಗೆಯಲ್ಲಿ ಅಡುಗೆಯವನು ಶಿವಮೊಗ್ಗದ ಸಂತೆಯಲ್ಲಿ ಸಿಕ್ಕಿದ.

"ಕಾಗದ ಬಂತು ಸ್ವಾಮಿ. ತಾಲೀಮಿನಲ್ಲೇ ನಿಲ್ಲಿಸಿದ್ರಂತೆ. ಅಷ್ಟೂ ಪಿಟೀಲು ಒಂದು ಕಡೆ, ಅಮ್ಮಾವ್ರು ಒಂದು ಕಡೆ. ಅಲ್ಲಿನ ಡಾಕ್ಟರು ಕಿವಿ ನೋಡಿ, ಗುಳಿಗೆ ಮೂರ್ನಾಲ್ಕು ತಿಂಗಳು ಮುಂಚೆ ಬಿಟ್ಟಿದ್ರೆ ಉಳೀತಿತ್ತು ಅಂದ್ರಂತೆ." ತರಕಾರಿ ಚೀಲವನ್ನು ಕೆಳಗಿಟ್ಟು ಕೇಳಿದ: "ಆ ಪಿಟೀಲುಗಳಿಗೂ ಮಳೆ ಬಡಿದಿತ್ತಾ, ಸ್ವಾಮಿ?"

ದೊರೆಸಾನಿಗೆ ನಿಜ ಬರೆಯಬೇಕೆಂದುಕೊಂಡೆ... ಭಾಷೆ ಬಾರದೆಂಬ ನೆಪ ಒದಗಿ ಬಂತು, ಆಮೇಲೆ ಯುದ್ಧದ ನೆಪ. ಈಗ ನೆಪಗಳೆಲ್ಲ ಮುಗಿದಿವೆ; ಬರೆದರೆ ಓದಲು ಅವರಿಲ್ಲ.

ಆ ನಾಯಕಿಯ ಪಾತ್ರವನ್ನು ಬೇರೊಬ್ಬರು ಹಾಡಿದರು. ದೊರೆಸಾನಿ ಮತ್ತೆ ರಂಗ ಹತ್ತಲಿಲ್ಲ.