ಮುಂದಿನ ಚಕ್ರ ಬಿಚ್ಚಿದ ಭಾನುವಾರ

ಯಾರಾದರೂ ‘ಇದು ನಿನ್ನ ಕೈಲಿ ಆಗಲ್ಲ’ ಅಂದರೆ ಸಾಕು, ನನಗೆ ಅದೇ ಕೆಲಸ ಮಾಡಬೇಕು ಅನ್ನಿಸುತ್ತದೆ. ಈ ಗುಣದಿಂದ ನನಗೆ ಲಾಭವಾದದ್ದು ಕಡಿಮೆ, ಪೆಟ್ಟು ಬಿದ್ದದ್ದೇ ಹೆಚ್ಚು. ತೊಂಬತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯ ಅಂಗಳದಲ್ಲಿ, ಆ ಗುಣವೇ ನನ್ನನ್ನು ಒಂದು ಕಾರಿನ ಅಡಿಗೆ ಮಲಗಿಸಿತ್ತು.

ಕಾರು ಹಳೆಯದು. ನನಗೆ ಬರುವ ಹೊತ್ತಿಗೆ ಇಬ್ಬರ ಕೈ ದಾಟಿತ್ತು. ಹೆಂಡತಿ ಬಾಣಂತನಕ್ಕೆ ತರೀಕೆರೆಯ ತವರಿಗೆ ಹೋಗಿದ್ದಳು. ಐದನೇ ತಿಂಗಳಿಗೆ ಅವಳನ್ನೂ ಮಗಳನ್ನೂ ಸ್ವಂತ ಕಾರಿನಲ್ಲೇ ಕರೆತರಬೇಕು, ಬಸ್ಸಿನಲ್ಲಿ ಕೂಡದು ಎಂದು ನನ್ನ ಹಟ. ಹೈಸ್ಕೂಲು ಮೇಷ್ಟರಿಗೆ ಕಾರು ಬೇರೆ ಕೇಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ ಬಿಡು ಎಂದುಕೊಂಡೆ. ಆದರೆ ಕರೆತರಲು ಇನ್ನೆರಡು ವಾರವಿದೆ ಎನ್ನುವಾಗ, ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಮುಂದಿನ ಎಡಚಕ್ರದ ಕಡೆಯಿಂದ ಕಟಕ್ ಕಟಕ್ ಎಂದು ಸದ್ದು ಬರತೊಡಗಿತು. ರಾಗಿಗುಡ್ಡದ ಕಡೆಯ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿ, ಚಕ್ರವನ್ನು ಹಿಡಿದಿಡುವ ಕೆಳಗಿನ ಕಬ್ಬಿಣದ ತೋಳಿನಲ್ಲಿ ರಬ್ಬರ್ ಬುಷ್ ಸವೆದಿದೆ, ಈಗ ಪುರುಸೊತ್ತಿಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದ. ಹಾಗಾದರೆ ನಾನೇ ಹಾಕಿಕೊಳ್ಳುತ್ತೇನೆ ಎಂದೆ.

“ಮೇಷ್ಟ್ರೇ, ಅದು ನಿಮ್ ಕೈಲಾಗೋ ಕೆಲ್ಸ ಅಲ್ಲ” ಎಂದ. ಅಲ್ಲಿಗೆ ತೀರ್ಮಾನವಾಯಿತು.

ಶನಿವಾರ ಹೊಸ ಬುಷ್ ಕೊಂಡು ತಂದೆ. ಭಾನುವಾರ ಬೆಳಿಗ್ಗೆ, ಕಾರಿನ ಜೊತೆ ಬಂದಿದ್ದ ಜಾಕನ್ನು ಕೊಟ್ಟು ಎಡಬದಿ ಎತ್ತಿದೆ. ಚಕ್ರ ಬಿಚ್ಚಿ ಪಕ್ಕಕ್ಕೆ ಎಸೆದೆ. ಗೋಣಿಚೀಲ ಹಾಸಿಕೊಂಡು ಸೊಂಟದ ತನಕ ಒಳಗೆ ತೂರಿದೆ. ಒಂದು ನಟ್ಟು ಆಗಲೇ ಸಡಿಲವಾಗಿತ್ತು. ನನ್ನ ಬಗ್ಗೆ ನನಗೇ ಹೆಮ್ಮೆಯಾಗುತ್ತಿದ್ದಾಗ ಗೇಟು ಕಿರ್ರೆಂದಿತು.

ಬಂದವರು ಭದ್ರಾವತಿಯ ಭಾವ, ನನ್ನ ಅಕ್ಕನ ಗಂಡ. ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಬಾಣಂತಿಗೆಂದು ಅಕ್ಕ ಮಾಡಿದ ಅಂಟಿನುಂಡೆಯ ಡಬ್ಬಿ ಹಿಡಿದು ಬಂದವರಿಗೆ ಕಂಡದ್ದು ಕಾರಿನಡಿಯಿಂದ ಚಾಚಿದ ನನ್ನ ಎರಡು ಕಾಲು.

“ಮೊದ್ಲು ಹೊರಗ್ ಬಾ ಮಾರಾಯ” ಎಂದರು.

“ಐದೇ ನಿಮಿಷ ಭಾವ, ನಟ್ಟು ಬಂತು.”

“ಹೊರಗ್ ಬಾ ಅಂದ್ನಲ್ಲ.”

ಬಂದೆ. ಭಾವ ಬೈಯಲಿಲ್ಲ. ನಾನು ಬಿಚ್ಚಿದ್ದ ಚಕ್ರವನ್ನು ಮತ್ತೆ ಹಾಕಿಸಿ, ಕಾರನ್ನು ಕೆಳಗಿಳಿಸಿಬಿಟ್ಟರು. ಒಂದು ಗಂಟೆಯ ಕೆಲಸ ನೀರಲ್ಲಿ ಹೋಮವಾಯಿತು ಎಂದು ನನಗೆ ಉರಿದುಹೋಯಿತು. “ಜಾಕಿರೋದು ಎತ್ತಕ್ಕೆ. ಹೊತ್ಕೊಂಡು ನಿಲ್ಲಕ್ಕಲ್ಲ” ಎಂದರು. ಅವರ ಕಾರ್ಖಾನೆಯಲ್ಲಿ ಎತ್ತಿದ ಭಾರದ ಅಡಿಗೆ ಆಸರೆ ಕೊಡದೆ ಯಾರೂ ಕೈಯನ್ನೂ ಚಾಚುವಂತಿರಲಿಲ್ಲವಂತೆ. ಇದು ಕಾರ್ಖಾನೆಯಲ್ಲ, ನನ್ನ ಮನೆ ಎನ್ನಬೇಕೆನ್ನಿಸಿತು. ಅಕ್ಕನ ಗಂಡ ನೋಡಿ, ಆಸರೆಗೆ ಏನಾದರೂ ಹುಡುಕಲು ಹೊರಟೆ.

ಕಾಂಪೌಂಡ್ ಕಟ್ಟಿದಾಗ ಉಳಿದಿದ್ದ ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ತಂದು, ಇವನ್ನೇ ಅಡಿಗೆ ಕೊಡೋಣ ಎಂದೆ. ಭಾವ ಅದರಲ್ಲೊಂದಕ್ಕೆ ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಮೂರು ಹೋಳಾಯಿತು. ಹಿತ್ತಲಿಗೆ ಹೋಗಿ, ಬಾಗಿಲಿನ ಚೌಕಟ್ಟು ಕೊಯ್ದು ಉಳಿದಿದ್ದ ಮತ್ತಿಮರದ ತುಂಡುಗಳನ್ನು ಹೊತ್ತು ತಂದರು.

ಆಮೇಲೆ ಪಾಠ ಶುರುವಾಯಿತು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸಡಿಲ ಮಾಡಬೇಕು. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು, ಕಾರಿನ ಹಿಂಭಾಗವೂ ಗೇಟಿನ ಕಡೆಗೇ. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಈ ಕಾರನ್ನು ಗೇರು ತಡೆಯುವುದಿಲ್ಲ, ಹ್ಯಾಂಡ್ ಬ್ರೇಕನ್ನು ಪೂರ್ತಿ ನಂಬುವ ಹಾಗಿಲ್ಲ. ಹಿಂದಿನ ಎರಡು ಚಕ್ರಗಳಿಗೂ ಕಲ್ಲು ಕೊಡಬೇಕು. ಒಂದು ಸೈಜುಗಲ್ಲು ಸಿಕ್ಕಿತು. ಇನ್ನೊಂದು ಸಿಗದೆ, ಹಿತ್ತಲ ಮೂಲೆಯ ಒರಳಿನಿಂದ ರುಬ್ಬುವ ಗುಂಡನ್ನು ತಂದು ಅಡ್ಡ ಮಲಗಿಸಿದೆ.

“ಅತ್ತೆನ ಕೇಳಿದ್ಯಾ?” ಎಂದರು ಭಾವ. ಅವರ ಅತ್ತೆ, ಅಂದರೆ ನನ್ನ ಅಮ್ಮ, ಅಡುಗೆಮನೆಯಲ್ಲಿದ್ದಳು.

“ಕೇಳೋದೇನ್ ಭಾವ, ಮಿಕ್ಸಿ ಬಂದ್ಮೇಲೆ ಅದನ್ನ ಯಾರು ಮುಟ್ತಾರೆ?”

ಜಾಕಿನಿಂದ ಎತ್ತಿ, ಮರದ ತುಂಡುಗಳನ್ನು ಎರಡು ಹೀಗೆ, ಎರಡು ಹಾಗೆ ಅಡ್ಡಡ್ಡ ಪೇರಿಸಿ, ಕಾರಿನ ಭಾರವನ್ನು ಮೆಲ್ಲಗೆ ಅದರ ಮೇಲೆ ಇಳಿಸಿದೆವು. ಭಾವ ಎರಡೂ ಕೈಯಿಂದ ಕಾರನ್ನು ಅಲ್ಲಾಡಿಸಿ ನೋಡಿದರು. ಕದಲಲಿಲ್ಲ. ಅಷ್ಟಕ್ಕೂ ಬಿಡದೆ, ಬಿಚ್ಚಿದ ಚಕ್ರವನ್ನು ಕಾರಿನ ಬಾಗಿಲಿನ ಕೆಳಗಿನ ಪಟ್ಟಿಯ ಅಡಿಗೆ ತಳ್ಳಿ ಮಲಗಿಸಿದರು. ಮರವಿದೆಯಲ್ಲ, ಚಕ್ರವೇಕೆ ಎಂದು ನಕ್ಕೆ. “ಇರ್ಲಿ ಬಿಡು, ಅದೇನ್ ಊಟ ಕೇಳುತ್ತಾ?” ಎಂದು ಕಾಫಿ ಕುಡಿಯಲು ಜಗಲಿಗೆ ಹೋದರು.

ನಾನು ಒಳಗೆ ತೂರಿದೆ. ಒಂದು ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯತೊಡಗಿದೆ.

ಆಗ ಅಮ್ಮ ಹೂ ಕೀಳಲು ಅಂಗಳಕ್ಕೆ ಬಂದಳು. ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಗುಂಡು ಕಂಡಿತು. ಮಗುವನ್ನು ತವರಿನಿಂದ ಕರೆತಂದು ಇಲ್ಲಿನ ತೊಟ್ಟಿಲಿಗೆ ಹಾಕುವ ದಿನ, ಮಗುವಿಗಿಂತ ಮೊದಲು ಆ ಗುಂಡನ್ನು ತೊಳೆದು, ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುವುದು ನಮ್ಮ ಮನೆಯ ಪದ್ಧತಿ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ನನ್ನನ್ನೂ ಅಕ್ಕನನ್ನೂ ಹಾಗೇ ತೊಟ್ಟಿಲಿಗೆ ಹಾಕಿದ್ದರು. ಮಿಕ್ಸಿಯ ಲೆಕ್ಕ ಹಾಕಿದ ನನಗೆ ಇದು ನೆನಪಾಗಲಿಲ್ಲ. ಮೊಮ್ಮಗಳ ಗುಂಡು ಟೈರಿನ ಕೊಳೆಯಲ್ಲಿ ಬಿದ್ದಿದೆ ಎಂದು ಅಮ್ಮನಿಗೆ ಕರುಳು ಚುರ್ ಎಂದಿರಬೇಕು. “ಇದಕ್ಕೆಲ್ಲ ಇದನ್ನ ತರ್ತಾರೇನೋ, ಬುದ್ಧಿ ಇಲ್ದೋನೆ” ಎಂಬ ದನಿ ಕೇಳಿತು. ಕಲ್ಲು ಸಿಮೆಂಟಿನ ಮೇಲೆ ಉಜ್ಜಿದ ಸದ್ದು ಕೇಳಿತು. ನಾನು ಅದೇ ಗಳಿಗೆಗೆ ಪೈಪನ್ನು ಜಗ್ಗಿದೆ.

ಕಾರು ಹಿಂದಕ್ಕೆ ಹೊರಟಿತು. ಉಳಿದ ಸೈಜುಗಲ್ಲು ಒಂದೇ ತಾಳಲಾರದೆ ನುಣುಪು ಸಿಮೆಂಟಿನ ಮೇಲೆ ಜಾರಿತು. ಜಾಕು ಠಣ್ಣೆಂದು ಬಿತ್ತು. ಮರದ ಪೇರಿಕೆ ವಾಲಿತು. ಇಡೀ ಕಾರು ನನ್ನ ಮೇಲೆ ಇಳಿಯಿತು. ಅಂಗಿಯ ಗುಂಡಿಗೆ ಕಬ್ಬಿಣ ತಗುಲಿತು, ಎದೆಗೆ ತಗುಲಲಿಲ್ಲ. ಅಲ್ಲಿಗೇ ನಿಂತಿತು. ಭಾವ ತಳ್ಳಿಟ್ಟಿದ್ದ ಚಕ್ರದ ಮೇಲೆ ಕೂತಿತ್ತು.

ಭಾವ ನನ್ನ ಕಾಲು ಹಿಡಿದು ಹೊರಗೆಳೆದದ್ದು ನನಗೆ ಗೊತ್ತೇ ಆಗಲಿಲ್ಲ. ಎದ್ದು ಕೂತಾಗ ಕಂಡದ್ದು ಅಮ್ಮ. ಗುಂಡನ್ನು ಕೂಸಿನ ಹಾಗೆ ಸೊಂಟಕ್ಕೆ ಒತ್ತಿಕೊಂಡು, ಬಾಯಿ ತೆರೆದು ನಿಂತಿದ್ದಳು. ನನಗೆ ಮೊದಲು ಬಂದದ್ದು ಕೋಪ. ‘ಕಲ್ಲು ಯಾಕೆ ತೆಗೆದೆ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಭಾವ ನನ್ನ ಮಣಿಕಟ್ಟನ್ನು ನೋಯುವ ಹಾಗೆ ಅದುಮಿದರು.

“ಜಾಕು ಜಾರ್ತು ಅತ್ತೆ, ಅಷ್ಟೇ. ಇವನಿಗೇನೂ ಆಗಿಲ್ಲ ನೋಡಿ. ಇನ್ನೊಂದ್ ಲೋಟ ಕಾಫಿ ಕೊಡಿ” ಎಂದರು.

“ಹೋದ ಜೀವ ಬಂತು ಕಣಪ್ಪ” ಎಂದು ಅಮ್ಮ ನನ್ನ ತಲೆ, ಭುಜ, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡಿ ಒಳಗೆ ಹೋದಳು. ಅವಳ ಬೆನ್ನು ಮರೆಯಾದ ಮೇಲೆ ಭಾವ, “ಅವ್ರಿಗೆ ಯಾವತ್ತೂ ಹೇಳ್ಬೇಡ. ಆಗದೇ ಇದ್ದಿದ್ದನ್ನ ಹೊತ್ಕೊಂಡು ಅವ್ರು ಯಾಕೆ ಬದುಕ್ಬೇಕು? ಕೇಳ್ದೆ ತಂದಿದ್ದು ನೀನು” ಎಂದರು. ನಿಜ. ನಾನು ಎಂದೂ ಹೇಳಲಿಲ್ಲ. ಅಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ನನಗೆ ತಡೆಯಲಾರದ ನಗು ಬಂತು, ಅದರ ಹಿಂದೆ ಎರಡು ದಿನ ಉಪವಾಸವಿದ್ದವನ ಹಸಿವು. ನಾಲ್ಕು ರೊಟ್ಟಿ ತಿಂದೆ. ಮೈಯಲ್ಲಿ ಒಂದು ಗೀರೂ ಇಲ್ಲ ಎನ್ನುವುದು ಎಷ್ಟು ದೊಡ್ಡ ಸುಖ ಎಂದು ಅವತ್ತು ಗೊತ್ತಾಯಿತು. ಎದುರು ಮನೆಯಿಂದ ಇನ್ನೆರಡು ಸೈಜುಗಲ್ಲು ಕೇಳಿ ತಂದು, ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದೆವು. ಈ ಸಲ ಅಲ್ಲಾಡಿಸಿ ನೋಡಿದವನು ನಾನು, ಅದೂ ಮೂರು ಸಲ. ಮಧ್ಯಾಹ್ನ ಮೂರಕ್ಕೆ ಹೊಸ ಬುಷ್ ಕೂತಿತು. ಬಸ್ ಸ್ಟ್ಯಾಂಡಿನ ತನಕ ಭಾವನನ್ನು ಅದೇ ಕಾರಿನಲ್ಲಿ ಬಿಟ್ಟೆ. ಕಟಕ್ ಸದ್ದು ಹೋಗಿತ್ತು. ಭಾವ ದಾರಿಯುದ್ದಕ್ಕೂ ಏನೂ ಆಗದವರ ಹಾಗೆ ಬುಷ್ ಬೆಲೆ, ಬಿಸಿಲು ಎಂದು ಮಾತಾಡಿದರು. ಎಂಥ ಗಟ್ಟಿ ಗುಂಡಿಗೆ ಎಂದುಕೊಂಡೆ.

ಸಂಜೆ ಏಳಕ್ಕೆ ಅಕ್ಕನ ಫೋನ್ ಬಂತು.

“ಏನೋ ಆಯ್ತು ಅಲ್ಲಿ?” ಎಂದಳು.

“ಯಾಕಕ್ಕ?”

“ನಿನ್ ಭಾವ ಬಂದವ್ರೇ, ಚಪ್ಪಲಿನೂ ಬಿಡ್ದೆ ನನ್ ಕೈ ಹಿಡ್ಕೊಂಡು, ‘ನಿನ್ ತಮ್ಮ ಚೆನ್ನಾಗಿದಾನೆ, ನಿನ್ ತಮ್ಮ ಚೆನ್ನಾಗಿದಾನೆ’ ಅಂತ ಎರಡೆರಡು ಸಲ ಹೇಳಿದ್ರು. ನಾನು ಕೇಳೇ ಇರ್ಲಿಲ್ಲ ಕಣೋ. ಕಣ್ಣಲ್ಲಿ ನೀರು ಬೇರೆ.”

ಅಮ್ಮ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

“ಹೌದಕ್ಕ,” ಎಂದೆ, “ಚೆನ್ನಾಗಿದೀನಿ.”